2003ರ ಸಿಲ್ವರಾಡೊ ಪಿಕಪ್‌ಗೆ 2008ರ ಎಂಜಿನ್ ಕೂರಿಸಬಹುದೇ?

ಕೆಂಪುಧೂಳು ಅವರ ಪ್ರಶ್ನೆ:

ನಾನು ಟೆಕ್ಸಾಸ್‌ನ ಹೂಸ್ಟನ್ ಬಳಿ ಇದ್ದೇನೆ. ನನ್ನದು 2003ರ ಷೆವ್ರೊಲೆ ಸಿಲ್ವರಾಡೊ 1500, 5.3 ಲೀಟರಿನ ವಿ8 ಎಂಜಿನ್, 4ಎಲ್60ಇ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್. ಕಳೆದ ಬೇಸಿಗೆಯಲ್ಲಿ ಟ್ರೇಲರ್ ಎಳೆದುಕೊಂಡು ಬರುತ್ತಿದ್ದಾಗ ಬಿಸಿಯ ಮುಳ್ಳು ಏರುತ್ತಿರುವುದನ್ನು ಕಂಡೂ, ಮುಂದಿನ ಎಕ್ಸಿಟ್‌ವರೆಗೆ ಹೇಗೋ ತಲುಪಿಬಿಡೋಣ ಎಂದು ಓಡಿಸಿದೆ. ತಪ್ಪು ಸಂಪೂರ್ಣವಾಗಿ ನನ್ನದೇ. ಈಗ ಎಂಜಿನ್ ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆ, ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಕಂಪ್ರೆಶನ್ ಇಲ್ಲವೆಂಬಷ್ಟು ಕಡಿಮೆಯಾಗಿದೆ, ಕೆಳಗಿನಿಂದ ಬೇರಿಂಗ್ ಬಡಿಯುವ ಸದ್ದೂ ಕೇಳುತ್ತಿದೆ. ಆದ್ದರಿಂದ ಬರಿಯ ಹೆಡ್ ಗ್ಯಾಸ್ಕೆಟ್ ಬದಲಿಸಿದರೆ ಮುಗಿಯುವ ಕೆಲಸವಲ್ಲ ಎಂಬುದು ನನಗೂ ಅರ್ಥವಾಗಿದೆ.

ಹತ್ತಿರದ ಗುಜರಿ ಅಂಗಳವೊಂದರಲ್ಲಿ 2008ರ ಸಿಲ್ವರಾಡೊದಿಂದ ಇಳಿಸಿದ 5.3 ಲೀಟರಿನ ಎಂಜಿನ್ ಸಿಕ್ಕಿದೆ. ಆ ಗಾಡಿಯ ವಿನ್ ಸಂಖ್ಯೆಯ (ಪ್ರತಿ ಗಾಡಿಗೂ ತಯಾರಕರು ಕೊಡುವ ಗುರುತು ಸಂಖ್ಯೆಯ) ಎಂಟನೆಯ ಅಕ್ಷರ ಸೊನ್ನೆ. ನನ್ನ ಗಾಡಿಯದು ‘ಟಿ’. ಅಂಗಳದವನು ‘5.3 ಅಂದರೆ 5.3, ಸುಮ್ಮನೆ ಕೂರುತ್ತದೆ’ ಎನ್ನುತ್ತಾನೆ. ಕೆಲಸದ ಸ್ಥಳದ ಗೆಳೆಯನೊಬ್ಬ ‘ಕೂರುತ್ತದೆ, ಆದರೆ ಎದ್ದು ಓಡುವುದಿಲ್ಲ’ ಎನ್ನುತ್ತಾನೆ. ಶನಿವಾರದವರೆಗೆ ಎಂಜಿನ್ ಕಾದಿರಿಸಲು ಸ್ವಲ್ಪ ಮುಂಗಡ ಕೊಟ್ಟು ಬಂದಿದ್ದೇನೆ. ಈ ಇಬ್ಬರಲ್ಲಿ ಯಾರ ಮಾತು ನಿಜ? ಕೂರಿಸುವುದಾದರೆ ಏನೇನು ಬದಲಿಸಬೇಕು? ಹೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ ಹೊಗೆ ತಪಾಸಣೆಯಲ್ಲಿ ತೊಂದರೆ ಬರುವುದೇ?

ಗ್ರೀಸ್‌ಕೈ ಅವರ ಉತ್ತರ:

ಇಬ್ಬರ ಮಾತೂ ನಿಜವೇ. ಅಂಗಳದವನು ಕಬ್ಬಿಣದ ಬಗ್ಗೆ ಹೇಳುತ್ತಿದ್ದಾನೆ, ನಿಮ್ಮ ಗೆಳೆಯ ವೈರಿಂಗ್ ಬಗ್ಗೆ ಹೇಳುತ್ತಿದ್ದಾನೆ. ನಾನು ಇಂತಹ ಕೆಲಸವನ್ನು ಮೂರು ಬಾರಿ ಮಾಡಿದ್ದೇನೆ. ಮೂರು ಬಾರಿಯೂ ಎಂಜಿನ್ ಕೂರಿಸುವುದಕ್ಕೆ ಹಿಡಿದದ್ದು ಒಂದು ವಾರಾಂತ್ಯ, ಅದನ್ನು ಗಾಡಿಯ ಕಂಪ್ಯೂಟರಿಗೆ ಒಪ್ಪಿಸುವುದಕ್ಕೆ ಹಿಡಿದದ್ದು ಅದಕ್ಕಿಂತ ಬಹಳ ಹೆಚ್ಚು.

ಎಂಟನೆಯ ಅಕ್ಷರ ‘ಟಿ’ ಎಂದರೆ ನಿಮ್ಮದು ಎಲ್‌ಎಂ7, ಅಂದರೆ ಮೂರನೆಯ ಪೀಳಿಗೆಯ ಎಂಜಿನ್. ಸೊನ್ನೆ ಎಂದರೆ ಎಲ್‌ಎಂಜಿ, ನಾಲ್ಕನೆಯ ಪೀಳಿಗೆ. ಎರಡರ ಬ್ಲಾಕೂ ಎರಕದ ಕಬ್ಬಿಣದ್ದು. ಬೋರ್ 96 ಮಿಲಿಮೀಟರ್, ಸ್ಟ್ರೋಕ್ 92 ಮಿಲಿಮೀಟರ್, ಎರಡರಲ್ಲೂ ಒಂದೇ. ಎಂಜಿನ್ ಮೌಂಟ್‌ಗಳು, ಗಿಯರ್‌ಬಾಕ್ಸ್ ಕಚ್ಚುವ ಬೋಲ್ಟುಗಳ ಸ್ಥಾನ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ರಂಧ್ರಗಳು, ಬೆಲ್ಟ್ ಓಡುವ ಮುಂಭಾಗದ ಜೋಡಣೆ, ಇವೆಲ್ಲವೂ ಒಂದಕ್ಕೊಂದು ಹೊಂದುತ್ತವೆ. ಎಂಜಿನ್ನನ್ನು ಗಿಯರ್‌ಬಾಕ್ಸಿಗೆ ಜೋಡಿಸುವ ತಟ್ಟೆಯಾದ ನಿಮ್ಮ ಫ್ಲೆಕ್ಸ್‌ಪ್ಲೇಟನ್ನೇ ಹೊಸ ಕ್ರ್ಯಾಂಕಿಗೆ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡಕ್ಕೆ) ಬಿಗಿದರೆ ನಿಮ್ಮ 4ಎಲ್60ಇ ಯಾವ ತಕರಾರೂ ಇಲ್ಲದೆ ಸೇರಿಕೊಳ್ಳುತ್ತದೆ. ಅಂಗಳದವನ ಜ್ಞಾನ ಇಲ್ಲಿಗೆ ಮುಗಿಯುತ್ತದೆ.

ತೊಡಕು ಶುರುವಾಗುವುದು ಕ್ರ್ಯಾಂಕ್ ಎಲ್ಲಿದೆ ಎಂದು ಕಂಪ್ಯೂಟರ್ ತಿಳಿದುಕೊಳ್ಳುವ ಬಗೆಯಲ್ಲಿ. ಕ್ರ್ಯಾಂಕಿನ ಹಿಂಭಾಗಕ್ಕೆ ಹಲ್ಲುಗಳಿರುವ ಒಂದು ಉಂಗುರವನ್ನು ಒತ್ತಿ ಕೂರಿಸಿರುತ್ತಾರೆ. ಅದರ ಎದುರಿನ ಸೆನ್ಸರ್ ಹಾದುಹೋಗುವ ಹಲ್ಲುಗಳನ್ನು ಎಣಿಸುತ್ತದೆ. ನಿಮ್ಮ ಎಂಜಿನ್ನಿನ ಉಂಗುರ ಒಂದು ಸುತ್ತಿಗೆ 24 ಗುರುತುಗಳನ್ನು ಕೊಡುತ್ತದೆ, ಅಂದರೆ 15 ಡಿಗ್ರಿಗೆ ಒಂದು. 2008ರದ್ದು 58 ಹಲ್ಲಿನದು: 6 ಡಿಗ್ರಿಗೊಂದರಂತೆ 60 ಹಲ್ಲುಗಳಿಗೆ ಜಾಗವಿದ್ದು, ಸುತ್ತಿನ ಆರಂಭ ಗೊತ್ತಾಗಲೆಂದು ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ. ನಿಮ್ಮ 2003ರ ಕಂಪ್ಯೂಟರಿಗೆ ಈ 58ರ ಲೆಕ್ಕ ಅರ್ಥವಾಗುವುದಿಲ್ಲ. ಸ್ಟಾರ್ಟರ್ ಎಂಜಿನ್ನನ್ನು ಸಂಜೆಯವರೆಗೆ ತಿರುಗಿಸಿದರೂ ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ಬಿಚ್ಚುವ ಮೊದಲೇ ಗುರುತಿಸಬೇಕಾದರೆ ಕ್ರ್ಯಾಂಕ್ ಸೆನ್ಸರಿನ ಬಣ್ಣ ನೋಡಿ. ಕಪ್ಪಾಗಿದ್ದರೆ 24, ಬೂದುಬಣ್ಣವಾಗಿದ್ದರೆ 58.

ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ನ ಸೆನ್ಸರಿನದೂ ಇದೇ ಕಥೆ. ನಿಮ್ಮ ಎಂಜಿನ್ನಿನಲ್ಲಿ ಅದು ಬ್ಲಾಕಿನ ಹಿಂಭಾಗದ ಮೇಲ್ತುದಿಯಲ್ಲಿದ್ದು, ಕ್ಯಾಮ್ ಒಂದು ಸುತ್ತು ಸುತ್ತಿದಾಗ ಒಂದೇ ಗುರುತನ್ನು ಓದುತ್ತದೆ. 2008ರದ್ದರಲ್ಲಿ ಅದು ಮುಂದಿನ ಟೈಮಿಂಗ್ ಕವರಿಗೆ ಬಂದು, ಕ್ಯಾಮ್ ಗಿಯರಿನ ಮೇಲಿನ ನಾಲ್ಕು ಗುರುತುಗಳನ್ನು ಓದುತ್ತದೆ. ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಬಡಿಯುವುದನ್ನು ಪತ್ತೆಹಚ್ಚುವ ನಾಕ್ ಸೆನ್ಸರ್‌ಗಳೂ ಸ್ಥಳ ಬದಲಿಸಿವೆ: ನಿಮ್ಮದರಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗಿನ ಕಣಿವೆಯಲ್ಲಿವೆ, ಹೊಸದರಲ್ಲಿ ಬ್ಲಾಕಿನ ಎರಡು ಪಕ್ಕಗಳಲ್ಲಿವೆ. ಸ್ಥಳ ಮಾತ್ರವಲ್ಲ, ಜಾತಿಯೂ ಬೇರೆ. ಹಳೆಯದು ಒಂದು ವೈರಿನದು, ಹೊಸದು ಎರಡು ವೈರಿನದು. ಆದ್ದರಿಂದ ಹಳೆಯ ಸೆನ್ಸರ್‌ಗಳನ್ನೇ ಅಡಾಪ್ಟರ್ ಹಾಕಿ ಹೊಸ ಬ್ಲಾಕಿನ ಪಕ್ಕಕ್ಕೆ ಬಿಗಿದು, ವೈರನ್ನು ಅಲ್ಲಿಯವರೆಗೆ ಎಳೆಯಬೇಕಾಗುತ್ತದೆ.

ಇನ್ನು ಎಎಫ್‌ಎಂ, ಅಂದರೆ ಆಕ್ಟಿವ್ ಫ್ಯೂಯೆಲ್ ಮ್ಯಾನೇಜ್‌ಮೆಂಟ್. ಎಲ್‌ಎಂಜಿಯಲ್ಲಿ ಹೊರೆ ಕಡಿಮೆಯಿದ್ದಾಗ 1, 4, 6 ಮತ್ತು 7ನೆಯ ಸಿಲಿಂಡರ್‌ಗಳನ್ನು ನಿದ್ರೆಗೆ ಕಳುಹಿಸಿ ನಾಲ್ಕರಲ್ಲೇ ಓಡಿಸುವ ವ್ಯವಸ್ಥೆಯಿದೆ. ಆ ನಾಲ್ಕು ಸಿಲಿಂಡರ್‌ಗಳ ಲಿಫ್ಟರ್‌ಗಳು (ಕ್ಯಾಮಿನ ಚಲನೆಯನ್ನು ವಾಲ್ವ್‌ಗೆ ಮುಟ್ಟಿಸುವ ಭಾಗಗಳು) ವಿಶೇಷ ಬಗೆಯವು, ಕಣಿವೆಯ ಮುಚ್ಚಳದಲ್ಲಿ ಅವಕ್ಕೆ ಆಯಿಲ್ ದಾರಿ ತೆರೆಯುವ ನಾಲ್ಕು ವಿದ್ಯುತ್ ಸೊಲೆನಾಯ್ಡ್‌ಗಳಿವೆ, ಕ್ಯಾಮಿನ ಉಬ್ಬುಗಳೂ ಅದಕ್ಕೆ ತಕ್ಕಂತೆ ಬೇರೆ. ಈ ಲಿಫ್ಟರ್‌ಗಳು ಸಿಕ್ಕಿಹಾಕಿಕೊಂಡು ಕ್ಯಾಮನ್ನೂ ಹಾಳುಮಾಡುವುದು, ಇಂತಹ ಎಂಜಿನ್‌ಗಳು ಆಯಿಲ್ ಕುಡಿಯುವುದು ಹೊಸ ಸುದ್ದಿಯೇನಲ್ಲ. ಎಷ್ಟು ಓಡಿದೆಯೆಂದು ಖಚಿತವಾಗಿ ತಿಳಿಯದ ಎಂಜಿನ್ನಿನಲ್ಲಿ ಇವನ್ನು ಹಾಗೆಯೇ ಬಿಟ್ಟು ಗಾಡಿಗೆ ಏರಿಸುವುದನ್ನು ನಾನು ಒಪ್ಪುವುದಿಲ್ಲ. ತೆಗೆಯುವುದಾದರೆ ಹೆಡ್ ಎತ್ತಬೇಕು. ಕ್ಯಾಮ್, ಲಿಫ್ಟರ್, ಲಿಫ್ಟರ್ ಟ್ರೇ ಮತ್ತು ಕಣಿವೆಯ ಮುಚ್ಚಳವನ್ನು ಬದಲಿಸಬೇಕು. ಹೆಡ್ ಬೋಲ್ಟುಗಳನ್ನು ಹೊಸದಾಗಿಯೇ ತರಬೇಕು, ಏಕೆಂದರೆ ಅವು ಒಮ್ಮೆ ಬಿಗಿದಾಗ ಹಿಗ್ಗುವ ಬಗೆಯವು. ತರುವಾಗ ಒಂದು ಎಚ್ಚರಿಕೆ: 2003ರವರೆಗಿನ ಬ್ಲಾಕುಗಳಿಗೆ ಎರಡು ಉದ್ದದ ಬೋಲ್ಟುಗಳು ಬೇಕು, 2004ರಿಂದ ಎಲ್ಲವೂ ಒಂದೇ ಉದ್ದದವು. ಅಂಗಡಿಯಲ್ಲಿ ನಿಮ್ಮ ಗಾಡಿಯ ವರ್ಷ ಹೇಳಿ ತಂದರೆ ತಪ್ಪು ಬೋಲ್ಟುಗಳೇ ಕೈಗೆ ಬರುತ್ತವೆ.

ನನ್ನ ಸಲಹೆ ಇಷ್ಟೇ. ಮುಂಗಡ ವಾಪಸು ಪಡೆದು ಮೂರನೆಯ ಪೀಳಿಗೆಯ ಎಲ್‌ಎಂ7 ಹುಡುಕಿ. ಎಂಟನೆಯ ಅಕ್ಷರ ‘ಟಿ’ ಇರುವ ಎಂಜಿನ್ 1999ರಿಂದ 2007ರ ಹಳೆಯ ಆಕಾರದ ಗಾಡಿಗಳವರೆಗೂ ಸಿಗುತ್ತದೆ.

ಹಳೇಕಬ್ಬಿಣ ಅವರ ಉತ್ತರ:

ಮೇಲಿನವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಆದರೆ ಚಿತ್ರ ತುಸು ಹೆಚ್ಚೇ ಕತ್ತಲೆಯಾಗಿದೆ. ನಾನು 2002ರ ಗಾಡಿಯೊಂದಕ್ಕೆ ನಾಲ್ಕನೆಯ ಪೀಳಿಗೆಯ 5.3 ಎಂಜಿನ್ ಹಾಕಿ ಮೂರು ವರ್ಷದಿಂದ ಓಡಿಸುತ್ತಿದ್ದೇನೆ.

ಕ್ರ್ಯಾಂಕ್ ಉಂಗುರವನ್ನು ಬದಲಿಸಬೇಕಾದರೆ ಕ್ರ್ಯಾಂಕನ್ನೇ ಹೊರತೆಗೆದು, ಉಂಗುರವನ್ನು ಬಿಸಿಮಾಡಿ, ಕೋನ ತಪ್ಪದಂತೆ ಜಿಗ್ ಇಟ್ಟು ಕೂರಿಸಬೇಕು ಎಂಬುದು ನಿಜ; ಅದು ಮನೆಯ ಅಂಗಳದಲ್ಲಿ ಮಾಡುವ ಕೆಲಸವಲ್ಲ. ಆದರೆ ಅದರ ಅಗತ್ಯವೇ ಇಲ್ಲ. 58ರ ಸಂಕೇತವನ್ನು ತೆಗೆದುಕೊಂಡು 24ರ ಸಂಕೇತವಾಗಿ, ಕ್ಯಾಮಿನ ನಾಲ್ಕನ್ನು ಒಂದಾಗಿ ಬದಲಿಸಿ ಹಳೆಯ ಕಂಪ್ಯೂಟರಿಗೆ ಒಪ್ಪಿಸುವ ಸಣ್ಣ ಪೆಟ್ಟಿಗೆಗಳು ಸಿಗುತ್ತವೆ. ಲಿಂಗೆನ್‌ಫೆಲ್ಟರ್ ಸಂಸ್ಥೆಯದು ಅವುಗಳಲ್ಲಿ ಹೆಸರಾದದ್ದು, ನಾನು ಬಳಸಿದ್ದೂ ಅದನ್ನೇ. ಎರಡು ಭಾಷೆಯವರ ನಡುವೆ ದುಭಾಷಿ ಕೂತಂತೆ ಅದು ಕೆಲಸ ಮಾಡುತ್ತದೆ.

ಎಎಫ್‌ಎಂ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಬೇರೆ. 2003ರ ಕಂಪ್ಯೂಟರಿಗೆ ಆ ಸೊಲೆನಾಯ್ಡ್‌ಗಳು ಇರುವುದೇ ಗೊತ್ತಿಲ್ಲ. ವಿದ್ಯುತ್ ಸಿಗದಿದ್ದರೆ ಅವು ತೆರೆಯುವುದಿಲ್ಲ, ಆಯಿಲ್ ಒತ್ತಡ ಬಾರದಿದ್ದರೆ ಲಿಫ್ಟರಿನ ಒಳಗಿನ ಪಿನ್ ಬೀಗ ಹಾಕಿದ ಸ್ಥಿತಿಯಲ್ಲೇ ಉಳಿಯುತ್ತದೆ. ಹೀಗಾಗಿ ಎಂಜಿನ್ ಸದಾ ಎಂಟು ಸಿಲಿಂಡರ್‌ಗಳಲ್ಲೇ ಓಡುತ್ತದೆ. ಕಂಪ್ರೆಶನ್ ಸಮನಾಗಿದ್ದು, 1, 4, 6 ಮತ್ತು 7ರ ಸ್ಪಾರ್ಕ್ ಪ್ಲಗ್‌ಗಳು ಆಯಿಲ್‌ನಿಂದ ಒದ್ದೆಯಾಗಿಲ್ಲದಿದ್ದರೆ ನಾನು ಹೆಡ್ ಮುಟ್ಟುವುದಿಲ್ಲ. ಆದರೆ ಎಂಜಿನ್ ಹೊರಗಿರುವಾಗಲೇ ಆಯಿಲ್ ಪ್ಯಾನ್ ಬಿಚ್ಚಿ ಪ್ಯಾನ್‌ನಿಂದ ಆಯಿಲ್ ಹೀರುವ ಪಿಕಪ್ ಕೊಳವೆಯ ಓ-ರಿಂಗನ್ನು ಖಂಡಿತ ಬದಲಿಸಿ. ಹಿಂದಿನ ಕವರ್ ತೆಗೆದರೆ ಆಯಿಲ್ ದಾರಿಯಲ್ಲಿರುವ ಬಾರ್ಬೆಲ್ ಆಕಾರದ ಪ್ಲಗ್ಗಿನ ಓ-ರಿಂಗನ್ನೂ ಬದಲಿಸಿ. ಕೆಲವು ಡಾಲರಿನ ಈ ಎರಡು ರಬ್ಬರ್ ಉಂಗುರಗಳನ್ನು ಮರೆತು, ಆಯಿಲ್ ಒತ್ತಡ ಏರುತ್ತಿಲ್ಲವೆಂದು ಮತ್ತೆ ಎಲ್ಲವನ್ನೂ ಇಳಿಸಿದವರನ್ನು ನಾನು ನೋಡಿದ್ದೇನೆ. ಹಾಗೆ ಇಳಿಸಿದವರಲ್ಲಿ ನಾನೂ ಒಬ್ಬ.

ಇನ್‌ಟೇಕ್ ಮ್ಯಾನಿಫೋಲ್ಡ್, ಥ್ರಾಟಲ್ ಬಾಡಿ, ಇಂಜೆಕ್ಟರ್ ಮತ್ತು ಫ್ಯೂಯೆಲ್ ರೇಲ್‌ಗಳನ್ನು ನಿಮ್ಮ ಹಳೆಯ ಎಂಜಿನ್ನಿನಿಂದಲೇ ತೆಗೆದು ಹಾಕಿ. ಎಲ್‌ಎಂಜಿಯ ಹೆಡ್‌ಗಳ ಇನ್‌ಟೇಕ್ ಬಾಯಿ ನಿಮ್ಮದರಂತೆಯೇ ಕಮಾನಿನ ಆಕಾರದ್ದಾಗಿರುವುದರಿಂದ ಅವು ಹೊಂದುತ್ತವೆ, ಮತ್ತು ನಿಮ್ಮ ಕಂಪ್ಯೂಟರಿಗೆ ಗೊತ್ತಿರುವುದು ನಿಮ್ಮ ಇಂಜೆಕ್ಟರುಗಳ ಅಳತೆ ಮಾತ್ರ. ಎಲ್‌ಎಂ7ರ ಕಂಪ್ರೆಶನ್ ಅನುಪಾತ 9.5, ಎಲ್‌ಎಂಜಿಯದು 9.9, ಹೆಡ್‌ಗಳೂ ಹೆಚ್ಚು ಗಾಳಿ ಎಳೆಯುತ್ತವೆ. ಆದ್ದರಿಂದ ಟ್ಯೂನ್ ಮಾಡಿಸಲೇಬೇಕು, ಅಂದರೆ ಕಂಪ್ಯೂಟರಿನ ಇಂಧನ ಮತ್ತು ಕಿಡಿಯ ಲೆಕ್ಕವನ್ನು ಹೊಸ ಎಂಜಿನ್ನಿಗೆ ಹೊಂದಿಸಬೇಕು. ಎಲ್‌ಎಂಜಿ ಇ85 ಎಂಬ ಎಥನಾಲ್ ಬೆರೆತ ಇಂಧನಕ್ಕೂ ಒಗ್ಗುವ ಎಂಜಿನ್ ಎಂದು ನಿಮ್ಮ ಗಾಡಿಗೆ ಅದನ್ನು ತುಂಬಿಸಬೇಡಿ; ನಿಮ್ಮ ಕಂಪ್ಯೂಟರಿಗೆ ಎಥನಾಲಿನ ಲೆಕ್ಕ ಗೊತ್ತಿಲ್ಲ.

ಕೊನೆಯಲ್ಲಿ ಸ್ಕ್ಯಾನರಿನಿಂದ ಕ್ರ್ಯಾಂಕ್ ವ್ಯತ್ಯಾಸವನ್ನು, ಅಂದರೆ ಹೊಸ ಕ್ರ್ಯಾಂಕಿನ ಸಂಕೇತದಲ್ಲಿರುವ ಸಣ್ಣ ಏರುಪೇರನ್ನು, ಕಂಪ್ಯೂಟರಿಗೆ ಮರುಕಲಿಸಬೇಕು. ಅದನ್ನು ಬಿಟ್ಟರೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಉರಿಯದೆ ತಪ್ಪುವುದು) ಎಣಿಕೆ ನಂಬಲರ್ಹವಾಗಿರುವುದಿಲ್ಲ.

ಸಮುದ್ರದಾಚೆ ಅವರ ಉತ್ತರ:

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಆದ್ದರಿಂದ ಹೊಗೆಯ ಕಾನೂನಿನ ಬಗ್ಗೆ ಮಾತ್ರ ಬರೆಯುತ್ತೇನೆ. ಕೇಂದ್ರದ ಪರಿಸರ ಸಂಸ್ಥೆ ಇಪಿಎಯ ನೀತಿಯ ಪ್ರಕಾರ, ಎಂಜಿನ್ ಬದಲಿಸಿದ ಮೇಲೆ ಗಾಡಿಯು ತನ್ನದೇ ವರ್ಷದ ಅಥವಾ ಅದಕ್ಕಿಂತ ಹೊಸದಾದ ಪ್ರಮಾಣಿತ ಜೋಡಣೆಯೊಂದಕ್ಕೆ ಸಮನಾಗಿರಬೇಕು. ನಮ್ಮ ರಾಜ್ಯದಲ್ಲಿ ಇದನ್ನು ಅಕ್ಷರಶಃ ಪಾಲಿಸುತ್ತಾರೆ. ಹೊಸ ವರ್ಷದ ಎಂಜಿನ್ ಹಾಕಿದರೆ ಆ ಎಂಜಿನ್ನಿಗೆ ಸೇರಿದ ಹೊಗೆ ನಿಯಂತ್ರಣದ ಸಾಮಗ್ರಿಯೆಲ್ಲವೂ ಜೊತೆಗೆ ಬರಬೇಕು, ಮತ್ತು ಸ್ಮಾಗ್ ರೆಫರಿ ಎನ್ನುವ ಅಧಿಕಾರಿ ಖುದ್ದಾಗಿ ನೋಡಿ ಒಪ್ಪಬೇಕು. ಅಂದರೆ ಮೇಲೆ ಇಬ್ಬರೂ ಹೇಳಿದ, 2008ರ ಎಂಜಿನ್ನಿಗೆ 2003ರ ವೇಷ ಹಾಕುವ ಉಪಾಯ ಇಲ್ಲಿ ನಡೆಯುವುದಿಲ್ಲ. ಇಲ್ಲಿ 2008ರದ್ದನ್ನು ಹಾಕಬೇಕಾದರೆ ಅದರ ಕಂಪ್ಯೂಟರ್, ವೈರಿಂಗ್, ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್‌ಗಳನ್ನೆಲ್ಲ ತರಬೇಕು.

ಟೆಕ್ಸಾಸ್‌ನಲ್ಲಿ 2025ರ ಜನವರಿ 1ರಿಂದ ಖಾಸಗಿ ಗಾಡಿಗಳ ಸುರಕ್ಷತಾ ತಪಾಸಣೆ ನಿಂತಿದ್ದರೂ ಹ್ಯಾರಿಸ್ ಸೇರಿದಂತೆ 17 ಕೌಂಟಿಗಳಲ್ಲಿ ಹೊಗೆ ತಪಾಸಣೆ ಉಳಿದಿದೆ, ಮತ್ತು ಅದು 24 ವರ್ಷದವರೆಗಿನ ಗಾಡಿಗಳಿಗೆ ಅನ್ವಯಿಸುತ್ತದೆ. ನಿಮ್ಮದು ಇನ್ನೂ ಆ ಲೆಕ್ಕದೊಳಗೇ ಇದೆ. ಅವರು ಗಾಡಿಯ ಕಂಪ್ಯೂಟರಿಗೆ ಯಂತ್ರ ಚುಚ್ಚಿ ಓದುತ್ತಾರೆ. ಚೆಕ್ ಎಂಜಿನ್ ದೀಪ ಉರಿಯುತ್ತಿರಬಾರದು, ಮತ್ತು 2001ರ ಮತ್ತು ಅದರ ನಂತರದ ಗಾಡಿಗಳಲ್ಲಿ ಒಂದಕ್ಕಿಂತ ಹೆಚ್ಚು ಸ್ವಪರೀಕ್ಷೆಗಳು ಅಪೂರ್ಣವಾಗಿರಬಾರದು. ಎಂಜಿನ್ ಕೂರಿಸಿದ ಮಾರನೆಯ ದಿನವೇ ತಪಾಸಣೆಗೆ ಹೋದರೆ ಅನುತ್ತೀರ್ಣರಾಗುವಿರಿ. ಕೆಲವು ದಿನ ಊರೊಳಗೂ ಹೆದ್ದಾರಿಯಲ್ಲೂ ಓಡಿಸಿದ ಮೇಲೆ ಹೋಗಿ.

ತುಂಗಾತೀರ ಅವರ ಪ್ರಶ್ನೆ:

ನಾನು ಶಿವಮೊಗ್ಗದವನು, ಈ ಗಾಡಿಗಳನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ. ನಮ್ಮಲ್ಲಿ ಆರ್‌ಸಿಯಲ್ಲಿ ಚಾಸಿ ಸಂಖ್ಯೆಯ ಜೊತೆಗೆ ಎಂಜಿನ್ ಸಂಖ್ಯೆಯೂ ಇರುವುದರಿಂದ, ಪಿಕಪ್‌ನ ಎಂಜಿನ್ ಬದಲಿಸಿದರೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಆರ್‌ಟಿಒ ಕಚೇರಿಯಲ್ಲಿ ಅದನ್ನು ದಾಖಲಿಸಬೇಕು. ಇಲ್ಲದಿದ್ದರೆ ಎಫ್‌ಸಿ ಮಾಡಿಸುವಾಗ ಸಿಕ್ಕಿಬೀಳುತ್ತೇವೆ. ನಿಮ್ಮಲ್ಲಿ ಅಂತಹ ದಾಖಲೆಯೇ ಇಲ್ಲವೇ?

ಗ್ರೀಸ್‌ಕೈ ಅವರ ಉತ್ತರ:

ಇಲ್ಲಿನ ಟೈಟಲ್ ಪತ್ರ ವಿನ್ ಸಂಖ್ಯೆಯ ಮೇಲೆ ನಿಂತಿದೆ. ಅದು ಚೌಕಟ್ಟಿಗೆ ಸೇರಿದ್ದು, ಎಂಜಿನ್ನಿಗಲ್ಲ. ಆದರೆ ಬ್ಲಾಕಿನ ಮೇಲೆ ಮೂಲ ಗಾಡಿಯ ವಿನ್ ಸಂಖ್ಯೆಯ ಕೊನೆಯ ಅಂಕಿಗಳನ್ನು ಕೊರೆದಿರುತ್ತಾರೆ. ಆದ್ದರಿಂದ ಅಂಗಳದವರಿಂದ ಆ ಗಾಡಿಯ ಪೂರ್ಣ ವಿನ್ ಇರುವ ರಸೀದಿ ಪಡೆದು ಇಟ್ಟುಕೊಳ್ಳಬೇಕು. ಕದ್ದ ಎಂಜಿನ್ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ.

ಹಳೇಕಬ್ಬಿಣ ಅವರು ಹೇಳಿದ ದುಭಾಷಿ ಪೆಟ್ಟಿಗೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪೆಟ್ಟಿಗೆ, ನಾಕ್ ಸೆನ್ಸರ್ ಅಡಾಪ್ಟರ್, ಕ್ಯಾಮ್ ಸೆನ್ಸರಿಗೆ ಮುಂದಿನವರೆಗೆ ಎಳೆಯುವ ವೈರು, ಟ್ಯೂನ್, ಇವೆಲ್ಲದರ ಖರ್ಚನ್ನು ಎಂಜಿನ್ನಿನ ಬೆಲೆಗೆ ಸೇರಿಸಿ ನೋಡಿದರೆ ಅಗ್ಗದ ಎಂಜಿನ್ ಅಗ್ಗವಾಗಿ ಉಳಿಯುವುದಿಲ್ಲ. ಎಎಫ್‌ಎಂ ಲಿಫ್ಟರ್ ಬೀಗ ಹಾಕಿಕೊಂಡೇ ಇರುತ್ತದೆ ಎಂಬುದೂ ಸರಿ. ಆದರೆ ಅದರ ರೋಲರ್ ಈಗಾಗಲೇ ಸವೆದಿದ್ದರೆ ಬೀಗ ಅದನ್ನು ಉಳಿಸುವುದಿಲ್ಲ, ಮತ್ತು ಹೆಡ್ ಎತ್ತದೆ ಅದರ ಸವೆತ ಕಾಣುವುದಿಲ್ಲ.

ಕೆಂಪುಧೂಳು ಅವರ ಉತ್ತರ:

ಎಲ್ಲರಿಗೂ ಧನ್ಯವಾದಗಳು. ಇಂದು ಊಟದ ಬಿಡುವಿನಲ್ಲಿ ಅಂಗಳಕ್ಕೆ ಹೋಗಿದ್ದೆ. 2008ರ ಎಂಜಿನ್ನಿನ ಕ್ರ್ಯಾಂಕ್ ಸೆನ್ಸರ್ ಬೂದುಬಣ್ಣದ್ದೇ. ಪ್ಲಗ್‌ಗಳನ್ನು ಬಿಚ್ಚಲು ಅವನು ಒಪ್ಪಿದ. 1 ಮತ್ತು 7ನೆಯವು ಆಯಿಲ್‌ನಿಂದ ಕಪ್ಪಾಗಿದ್ದವು, ಉಳಿದವು ಸ್ವಚ್ಛವಾಗಿದ್ದವು. ಅದನ್ನು ಅಲ್ಲಿಯೇ ಬಿಟ್ಟೆ. ಮುಂಗಡವನ್ನು ಮರಳಿಸುವ ಬದಲು, ಅದೇ ಅಂಗಳದಲ್ಲಿರುವ 2005ರ ಸಿಲ್ವರಾಡೊದ ಎಂಜಿನ್ನಿಗೆ ಅದನ್ನು ಹೊಂದಿಸಿಕೊಳ್ಳಲು ಅವನು ಸಿದ್ಧನಿದ್ದಾನೆ. ಎಂಟನೆಯ ಅಕ್ಷರ ‘ಟಿ’. ಸೆನ್ಸರ್ ಕಪ್ಪು. ಇದರಲ್ಲಿಯೂ ಬಲೆಗಳಿವೆಯೇ?

ಗ್ರೀಸ್‌ಕೈ ಅವರ ಉತ್ತರ:

ಸಣ್ಣವು ಹಲವು, ದೊಡ್ಡದು ಒಂದು.

ಸಣ್ಣವು ಎಲ್ಲವೂ ಎಂಜಿನ್ನಿನ ಹೊರಮೈಗೆ ಸೇರಿದವು. 2005ರಲ್ಲಿ ಈ ಗಾಡಿಗೆ ವಿದ್ಯುತ್ ಫ್ಯಾನ್ ಬಂತು. ನಿಮ್ಮದರಲ್ಲಿ ಫ್ಯಾನ್ ಇರುವುದು ವಾಟರ್ ಪಂಪಿನ ಮೂತಿಯ ಮೇಲೆ, ಹೀಗಾಗಿ ಅವರ ಪಂಪು ನಿಮಗೆ ಬೇಡ. ಅವರ ಫ್ಯೂಯೆಲ್ ರೇಲ್‌ಗೆ ಪೆಟ್ರೋಲ್ ಹಿಂದಿರುಗುವ ಕೊಳವೆಯಿಲ್ಲ, ಆಲ್ಟರ್ನೇಟರಿನ ಪ್ಲಗ್ ಕೂಡ ಬೇರೆ. ಬ್ಲಾಕು ಮತ್ತು ಹೆಡ್‌ಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಅಲ್ಲಿಯೇ ಬಿಚ್ಚಿಟ್ಟು ಬನ್ನಿ, ನಿಮ್ಮ ಎಂಜಿನ್ನಿನ ಸಾಮಾನುಗಳನ್ನೇ ಅದಕ್ಕೆ ತೊಡಿಸಿ. ಆಗ ನಿಮ್ಮ ಕಂಪ್ಯೂಟರಿಗೆ ಎಂಜಿನ್ ಬದಲಾದದ್ದೇ ತಿಳಿಯುವುದಿಲ್ಲ. ಕ್ರ್ಯಾಂಕ್ ಮರುಕಲಿಕೆಯೊಂದನ್ನು ಮಾಡಿಸಿದರೆ ಸಾಕು, ಟ್ಯೂನ್ ಬೇಕಾಗುವುದಿಲ್ಲ.

ದೊಡ್ಡದು ಹೆಡ್. ಆ ಕಾಲದ ಎಲ್‌ಎಂ7ಗಳಲ್ಲಿ 862 ಅಥವಾ 706 ಎಂಬ ಅಚ್ಚಿನ ಸಂಖ್ಯೆಯ ಹೆಡ್‌ಗಳಿರುತ್ತವೆ. 706ರಲ್ಲಿ ಕ್ಯಾಸ್ಟೆಕ್ ಎಂಬ ಎರಕದ ಗುರುತಿರುವ ಕೆಲವು ಹೆಡ್‌ಗಳು ರಾಕರ್ ಪ್ರದೇಶದಲ್ಲಿ ಕೂದಲೆಳೆಯಂತೆ ಬಿರುಕು ಬಿಟ್ಟು, ಹೊರಗೆ ಒಂದು ಹನಿಯೂ ಸೋರದಂತೆ ಕೂಲೆಂಟನ್ನು ಆಯಿಲ್‌ಗೆ ಬಿಡುತ್ತವೆ. ಈ ವಿಷಯದ ಮೇಲೆ ತಯಾರಕರದೇ ಸೇವಾ ಸೂಚನೆಯಿದೆ. ವಾಲ್ವ್ ಕವರುಗಳನ್ನು ಎತ್ತಿ ಗುರುತನ್ನು ಹುಡುಕಿ. ಸಿಕ್ಕರೆ ಬಿಳಿಚಿದ ಕಲೆ ಇದೆಯೇ, ಮುಚ್ಚಳದ ಒಳಮೈಯಲ್ಲಿ ಕೆನೆಯಂತಹ ಲೇಪವಿದೆಯೇ ಎಂದು ದೀಪ ಹಿಡಿದು ನೋಡಿ. ನಿಮ್ಮ ಹಳೆಯ ಹೆಡ್‌ಗಳನ್ನು ಇದಕ್ಕೆ ಹಾಕಿಕೊಳ್ಳುವ ಆಸೆ ಬೇಡ. ಅಷ್ಟು ಬಿಸಿ ಉಂಡ ಅಲ್ಯೂಮಿನಿಯಂ ಹೆಡ್ಡನ್ನು ಮೆಷಿನ್ ಶಾಪಿನಲ್ಲಿ ಅಳೆಸದೆ ಮತ್ತೆ ಬಿಗಿಯಬಾರದು.

ಹಳೇಕಬ್ಬಿಣ ಅವರ ಉತ್ತರ:

1 ಮತ್ತು 7 ಕಪ್ಪಾಗಿದ್ದವು ಎಂದ ಮೇಲೆ ನಾನೂ ಅದನ್ನು ಬಿಟ್ಟೇ ಬರುತ್ತಿದ್ದೆ. ವಾಲ್ವ್ ಕವರ್ ಎತ್ತಲು ಹೋಗುವಾಗ 8 ಮಿಲಿಮೀಟರಿನ ಸಾಕೆಟ್ ಒಯ್ಯಿರಿ, ಮತ್ತು ಓ-ರಿಂಗ್‌ಗಳನ್ನು ಮರೆಯಬೇಡಿ. ಆ ವಿಷಯದಲ್ಲಿ ಎರಡು ಪೀಳಿಗೆಗಳಿಗೂ ವ್ಯತ್ಯಾಸವಿಲ್ಲ.

ಕೆಂಪುಧೂಳು ಅವರ ಉತ್ತರ:

ಶನಿವಾರ ಬೆಳಿಗ್ಗೆ ಎರಡೂ ಕವರ್ ಎತ್ತಿ ನೋಡಿದೆ. ಅಚ್ಚಿನ ಸಂಖ್ಯೆ 862, ಒಳಗೆ ಕಂದು ಬಣ್ಣದ ಹಳೆಯ ಆಯಿಲ್ ಬಿಟ್ಟರೆ ಕೆನೆಯ ಗುರುತಿಲ್ಲ. ಕ್ರ್ಯಾಂಕ್ ಕೈಯಿಂದ ಸಲೀಸಾಗಿ ತಿರುಗಿತು. ಪೂರ್ಣ ವಿನ್ ಬರೆಸಿಕೊಂಡ ರಸೀದಿಯೊಂದಿಗೆ ಎಂಜಿನ್ ಈಗ ನಮ್ಮ ಗ್ಯಾರೇಜಿನ ಸ್ಟ್ಯಾಂಡಿನ ಮೇಲಿದೆ, ಆಯಿಲ್ ಪ್ಯಾನ್ ಬಿಚ್ಚಿಯಾಗಿದೆ. ಪಿಕಪ್ ಕೊಳವೆಯ ಓ-ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಉಗುರಿನಿಂದ ಒತ್ತಿದರೆ ಪುಡಿಯಾಯಿತು.